ಅಮ್ಮನ ಮೊರಕ್ಕೆ ಬಿದ್ದ ಒಂದುಗಳು

ನಮ್ಮೂರಲ್ಲಿ ಎರಡನೆಯ ಸಾಲನ್ನು ಯಾರೂ ಓದುವುದಿಲ್ಲ. ಬರೆಯುವುದೇನೋ ಎಲ್ಲರೂ ಬರೆಯುತ್ತಾರೆ. ಸುಗ್ಗಿ ಮುಗಿದ ಮೇಲಿನ ಮೊದಲ ಸೋಮವಾರ, ಅಕ್ಷರ ಬಲ್ಲ ಪ್ರತಿಯೊಬ್ಬರ ಕೈಗೂ ಒಂದು ಉದ್ದನೆಯ ಚೀಟಿ ಬರುತ್ತದೆ. ಅದರಲ್ಲಿ ಒಂದರಿಂದ ಐದರವರೆಗೆ ಗೆರೆ. ಊರಿನಲ್ಲಿ ನಿಮಗೆ ಯಾರು ಬೇಕೋ ಅವರನ್ನು ಬೇಕಾದ ಕ್ರಮದಲ್ಲಿ ಬರೆಯಬೇಕು. ತನ್ನನ್ನು ತಾನೇ ಬರೆದುಕೊಳ್ಳುವಂತಿಲ್ಲ. ಮೊದಲ ಸಾಲು ಹೊರಗೆ ಕಾಣುವಂತೆ ಮಡಚಿ, ಉಳಿದ ನಾಲ್ಕನ್ನು ಒಳಗಿಟ್ಟು, ಗಂಜಿ ಸವರಿ ಅಂಟಿಸಿ ಡಬ್ಬಕ್ಕೆ ಹಾಕಬೇಕು. ಗುರುವಾರ ಎಣಿಕೆ. ಎಣಿಸುವುದು ಮೊದಲ ಸಾಲನ್ನು ಮಾತ್ರ. ಆ ಸಾಲಿನಲ್ಲಿರುವವರು ಸೋಮವಾರಕ್ಕೂ ಗುರುವಾರಕ್ಕೂ ನಡುವೆ ತೀರಿಕೊಂಡಿದ್ದರೆ ಅಥವಾ ಆ ಸಾಲು ರದ್ದಾದರೆ, ಆಗ ಗಂಜಿಗೆ ನೀರು ಮುಟ್ಟಿಸಿ ಬಿಡಿಸಿ ಎರಡನೆಯದನ್ನು ನೋಡುತ್ತಾರೆ. ಮೂರು ದಿನದಲ್ಲಿ ಸಾಯುವವರು ಎಷ್ಟು ಜನ ಇದ್ದಾರು? ಹಾಗಾಗಿ ನಮ್ಮೂರಿನ ಪ್ರೀತಿಯ ಬಹುಪಾಲು ಗಂಜಿಯೊಳಗೇ ಒಣಗಿಹೋಗುತ್ತದೆ.

ಯಾರಿಗೆ ಒಬ್ಬರಿಂದಲೂ ‘ಒಂದು’ ಬೀಳುವುದಿಲ್ಲವೋ ಅವರ ಹೆಸರು ಗುರುವಾರ ಸಂಜೆ ಹೋಗುತ್ತದೆ. ಹೆತ್ತವರ ಬಾಯಿಂದ ಹೋಗುತ್ತದೆ, ಶಾಲೆಯ ಹಾಜರಿ ಪುಸ್ತಕದಿಂದ ಹೋಗುತ್ತದೆ, ಸ್ಟೀಲು ಪಾತ್ರೆಯ ಮೇಲೆ ಕೊರೆಸಿದ್ದರೆ ಅಲ್ಲಿಂದಲೂ ಹೋಗುತ್ತದೆ. ಮುಂದಿನ ವರ್ಷ ಒಂದು ಬಿದ್ದರೆ ಅದೇ ಹೆಸರು ವಾಪಸ್ಸು. ಸತತ ಎರಡು ವರ್ಷ ಬೀಳದಿದ್ದರೆ ಕಚೇರಿಯವರು ಅದನ್ನು ಹೊಸದಾಗಿ ಹುಟ್ಟಿದ ಕೂಸಿಗೆ ಕೊಟ್ಟುಬಿಡುತ್ತಾರೆ. ಆಮೇಲೆ ನಿಮಗೆ ಯಾರಾದರೂ ಒಂದು ಹಾಕಿದರೆ, ಕಚೇರಿಯಲ್ಲಿ ಉಳಿದಿರುವ ಹೆಸರುಗಳಲ್ಲಿ ಯಾವುದೋ ಒಂದನ್ನು ಕೊಡುತ್ತಾರೆ. ಅಳತೆ ನೋಡಿ ಕೊಡುವುದಿಲ್ಲ.

ನನ್ನದು ಹೋಗಿ ಹನ್ನೆರಡು ವರ್ಷವಾಯಿತು. ಮದುವೆಯಾದ ಹೊಸತರಲ್ಲಿ ನಮ್ಮವರು ನನಗೇ ಹಾಕುತ್ತಿದ್ದರು. ಮಾವ ತೀರಿಕೊಂಡ ವರ್ಷ ಅತ್ತೆಗೆ ಹಾಕುವವರು ಇಲ್ಲವಾದರು. ಆ ಒಂದು ಅತ್ತೆಗೆ ಹೋಯಿತು. “ನಿನ್ನನ್ನ ಎರಡನೇದ್ರಲ್ಲಿ ಇಟ್ಟಿದೀನಿ” ಎಂದು ಅವರು ಹೇಳಿದರು. ನಿಜವೇ ಇರಬೇಕು, ಗಂಜಿ ಬಿಡಿಸಿ ನೋಡಿದವರಾರು? ಹೆಸರು ಹೋದದ್ದು ನನಗೇ ಗೊತ್ತಾಗಿದ್ದು ನಾಲ್ಕು ದಿನ ಬಿಟ್ಟು, ಹಿಟ್ಟಿನ ಗಿರಣಿಯಲ್ಲಿ. ಡಬ್ಬದ ಮೇಲೆ ಬರೆಯಲು ಗಿರಣಿಯವನು ಹೆಸರು ಕೇಳಿದ. ಬಾಯಿ ತೆರೆದೆ, ಏನೂ ಬರಲಿಲ್ಲ. ಅದಕ್ಕೆ ಮೊದಲೂ ಮನೆಯಲ್ಲಿ ನನ್ನನ್ನು ಯಾರು ಹೆಸರು ಹಿಡಿದು ಕರೆಯುತ್ತಿದ್ದರು? ಮಗಳು ಅಮ್ಮ ಎನ್ನುತ್ತಿದ್ದಳು. ಅವರು ‘ಇವಳೇ’ ಎನ್ನುತ್ತಿದ್ದರು. ಮೈದುನನಿಗೆ ನಾನು ಅತ್ತಿಗೆ, ಓಣಿಗೆ ಮೂರನೇ ಮನೆಯಾಕೆ. ಇನ್ನು ಅವರ ಹೆಸರಿದೆಯಲ್ಲ, ಅತ್ತೆಯ ಚೀಟಿಯ ಪುಣ್ಯದಿಂದ ಅದು ವರ್ಷವರ್ಷವೂ ಭದ್ರ. ಆದರೆ ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಹೀಗೆ ಹೇಳಬಾರದ ಒಂದು ಹೆಸರು, ಇಲ್ಲದ ಒಂದು ಹೆಸರು, ಎರಡೂ ಒಂದೇ ಮನೆಯಲ್ಲಿ ಹೊಂದಿಕೊಂಡು ಸಂಸಾರ ಮಾಡುತ್ತಿದ್ದವು. ನನಗೆ ಬೇಜಾರೇನೂ ಇರಲಿಲ್ಲ.

ಬೇಜಾರು ಶುರುವಾದದ್ದು ಹೋದ ವರ್ಷ, ಚಿಕ್ಕವಳ ಹೆಸರು ಹೋದಾಗ.

ಅದು ಯಾರ ತಪ್ಪು ಎಂದು ಈಗ ಹೇಳಿ ಪ್ರಯೋಜನವಿಲ್ಲ. ನನಗಿರುವುದು ಎರಡು ಹೆಣ್ಣು. ದೊಡ್ಡವಳು ಕಸ್ತೂರಿ, ಹದಿನೈದು. ಚಿಕ್ಕವಳಿಗೆ ಹತ್ತು ತುಂಬಿ ಹನ್ನೊಂದರಲ್ಲಿತ್ತು. ನಾನು ದೊಡ್ಡವಳಿಗೆ ಹಾಕಿದೆ, ಚಿಕ್ಕವಳಿಗೆ ಈ ಸಲ ಅವಳಪ್ಪ ಹಾಕುತ್ತಾರೆ ಎಂದುಕೊಂಡೆ. ಅವರು ಎಂದಿನಂತೆ ಅವರಮ್ಮನಿಗೆ ಹಾಕಿ, ಚಿಕ್ಕವಳನ್ನು ಇವಳು ನೋಡಿಕೊಳ್ಳುತ್ತಾಳೆ ಎಂದುಕೊಂಡರು. ಒಲೆಯ ಮೇಲಿನ ಹಾಲನ್ನು ಮನೆಯಲ್ಲಿ ಇಬ್ಬರು ನೋಡಿಕೊಂಡರೆ ಏನಾಗುತ್ತದೆಯೋ ಅದೇ ಆಯಿತು. ಗುರುವಾರ ಸಂಜೆ ಹಿತ್ತಲ ಬಾಗಿಲಲ್ಲಿ ನಿಂತು ಅವಳನ್ನು ಊಟಕ್ಕೆ ಕೂಗಲು ಹೋದೆ. ನಾನೇ ಇಟ್ಟ ಹೆಸರು. ತೊಟ್ಟಿಲ ಮುಂದೆ ಅವಳ ಕಿವಿಯಲ್ಲಿ ಮೂರು ಸಲ ಹೇಳಿದ ಹೆಸರು. ಉದ್ದವಾದ ಹೆಸರು ಎಂಬುದಷ್ಟೇ ನೆನಪಿತ್ತು, ಕೊನೆಯಲ್ಲಿ ಎಳೆದು ಕೂಗಲು ಚೆನ್ನಾಗಿತ್ತು ಎಂಬುದು ನೆನಪಿತ್ತು. ಮಿಕ್ಕದ್ದು ಇಲ್ಲ. ಆ ವರ್ಷದ ಸಂಗತಿ ಬರೆಯುವಾಗ ಈಗಲೂ ಅಲ್ಲಿ ಆ ಹೆಸರನ್ನು ಹಾಕಲು ಕೈ ಬರುವುದಿಲ್ಲ.

ಅವಳು ಮಾತ್ರ ಹಾಯಾಗಿದ್ದಳು. ಹಾಜರಿಯಲ್ಲಿ ಹೆಸರಿಲ್ಲ, ಆದ್ದರಿಂದ ಚಕ್ಕರ್ ಹಾಕಿದರೆ ಗೊತ್ತಾಗುವುದಿಲ್ಲ. ಮೇಷ್ಟ್ರು ಹೊರಗೆ ಹೋದಾಗ ಗಲಾಟೆ ಮಾಡಿದವರ ಹೆಸರನ್ನು ಮಾನಿಟರು ಬೋರ್ಡಿನ ಮೇಲೆ ಬರೆಯುತ್ತಾನೆ. ಇವಳ ಸರದಿ ಬಂದಾಗ ಸೀಮೆಸುಣ್ಣ ಹಿಡಿದು ಸುಮ್ಮನೆ ನಿಲ್ಲುತ್ತಾನಂತೆ. “ಅಮ್ಮಾ, ನಂಗೆ ಹೀಗೇ ಚೆನ್ನಾಗಿದೆ. ಯಾರೂ ನನ್ನ ಮೇಲೆ ದೂರು ಹೇಳಕ್ಕಾಗಲ್ಲ” ಎಂದಳು. ಆದರೆ ಒಂದು ಸಂಜೆ ಪಾತ್ರೆ ಜೋಡಿಸುತ್ತಾ ಅವಳ ಲೋಟ ನೋಡಿದೆ. ಹೆಸರು ಕೊರೆಸಿದ್ದ ಜಾಗ ನುಣ್ಣಗೆ ಹೊಳೆಯುತ್ತಿತ್ತು. ಅಲ್ಲಿ ಅವಳು ಮೊಳೆಯಿಂದ ಗೀಚಿ ಗೀಚಿ ಏನೋ ಬರೆಯಲು ನೋಡಿದ್ದಳು. ಒಂದು ‘ವ’ ಆಗಿತ್ತೋ, ಇಲ್ಲವೇ ಬರೀ ಸೊಟ್ಟ ಸುತ್ತೋ. ಮುಂದೆ ಹೋಗಿರಲಿಲ್ಲ.

ಈ ವರ್ಷದ ಚೀಟಿಗೆ ಹದಿನೈದು ದಿನವಿರುವಾಗ ಮೂಲೆಮನೆಯ ಚೆನ್ನಾಜಮ್ಮ ಬಂದಳು. ಅವಳ ಸೊಸೆಗೆ ಒಂಬತ್ತು ತಿಂಗಳು ತುಂಬುತ್ತಾ ಇತ್ತು. ಒಂದು ಬಟ್ಟಲು ಕೋಸಂಬರಿ ತಂದಿದ್ದಳು. ಚೆನ್ನಾಜಮ್ಮ ಕಾರಣವಿಲ್ಲದೆ ಕೋಸಂಬರಿ ತರುವವಳಲ್ಲ.

“ಅಲ್ಲಾ, ನಿಮ್ಮ ಚಿಕ್ಕದರ ಹೆಸರು ಹೇಗಿತ್ತು? ಚೆನ್ನಾಗಿತ್ತಾ?” ಎಂದಳು.

“ಯಾಕ್ರೀ?”

“ಏನಿಲ್ಲ, ನಮ್ಮ ಸೊಸೆ ಕೇಳ್ತಿದ್ಲು. ಕಚೇರೀಲಿ ಈಗ ಉಳಿದಿರೋದು ಎರಡೇ ಅಂತೆ. ಒಂದು ‘ತಿಪ್ಪಣ್ಣ’, ಒಂದು ‘ದೊಡ್ಡಪುಟ್ಟಯ್ಯ’. ಹೆಣ್ಣಾದ್ರೆ ಏನ್ರೀ ಮಾಡೋದು?”

“ನಮ್ಮ ಹುಡುಗಿ ಹೆಸರು ನಮ್ಮ ಹುಡುಗಿಗೇ ಬರತ್ತೆ, ಚೆನ್ನಾಜಮ್ಮ. ಈ ಸಲ ನನ್ನ ಒಂದು ಅವಳಿಗೇ.”

“ಬರ್ಲಿ ತಾಯಿ, ಬರ್ಲಿ. ಬರಬಾರ್ದು ಅಂತ ನಾನು ಹೇಳಿದ್ನಾ? ಬರದೇ ಇದ್ರೆ ಅಂತ ಅಂದೆ ಅಷ್ಟೆ.” ಹೊಸ್ತಿಲು ದಾಟುವಾಗ ತಿರುಗಿ, “ಉದ್ದ ಇತ್ತು ಅಲ್ವಾ? ನೀವು ಕೂಗ್ತಿದ್ದಾಗ ನಮ್ಮನೆವರೆಗೂ ಕೇಳ್ತಿತ್ತು. ಉದ್ದ ಹೆಸರು ಲಕ್ಷಣ” ಎಂದಳು. ಕೋಸಂಬರಿಗೆ ಉಪ್ಪು ಜಾಸ್ತಿಯಾಗಿತ್ತು.

ನಾನು ನಿಶ್ಚಿಂತೆಯಿಂದಲೇ ಇದ್ದೆ. ಚೀಟಿಯ ಹಿಂದಿನ ದಿನ ಭಾನುವಾರ, ಕಚೇರಿಯ ಜವಾನ ಒಂದು ಕಾಗದ ತಂದುಕೊಟ್ಟ. ಎಣಿಕೆಗೆ ಬರಬೇಕೆಂದು ಕರೆ. ನಮ್ಮೂರಲ್ಲಿ ಎಣಿಸುವವರು ಹೆಸರಿಲ್ಲದವರೇ ಆಗಿರಬೇಕು. ಹೆಸರಿದ್ದವರು ಕೂತರೆ ತಮ್ಮ ಕಡೆಗೆ ಎಳೆದುಕೊಂಡಾರು ಎಂಬ ಭಯ. ಹೆಣ್ಣುಮಕ್ಕಳಿಗೆ ಕೊನೆಯ ಮಗುವಿಗೆ ಹನ್ನೊಂದು ತುಂಬುವವರೆಗೆ ರಿಯಾಯಿತಿ ಇದೆ. ನನ್ನ ಚಿಕ್ಕವಳಿಗೆ ಹಿಂದಿನ ವಾರವಷ್ಟೇ ಹನ್ನೊಂದು ತುಂಬಿತ್ತು. ಕಾಗದದ ಕೆಳಗೆ ಸಣ್ಣಕ್ಷರದಲ್ಲಿ ಇನ್ನೊಂದು ಸಾಲಿತ್ತು: ಎಣಿಸುವವರು ಚೀಟಿ ಹಾಕುವಂತಿಲ್ಲ.

ಊಟಕ್ಕೆ ಕೂತಾಗ ಹೇಳಿದೆ. ನಮ್ಮವರು ತುತ್ತು ಕೈಯಲ್ಲೇ ಹಿಡಿದು ಅತ್ತೆಯ ಮುಖ ನೋಡಿದರು. ಅತ್ತೆ ಸಾರಿನ ಬಟ್ಟಲನ್ನು ದೂರ ಸರಿಸಿದರು.

“ಹಾಕಪ್ಪಾ, ಮಗೂಗೇ ಹಾಕು. ನಂದೇನು, ಎಂಬತ್ತು ವರ್ಷ ಇಟ್ಕೊಂಡಿದ್ದೆ, ಸಾಕು. ನಾಳೆ ಸತ್ತಾಗ ಕಾಗದದಲ್ಲಿ ‘ಯಾವುದೋ ಒಂದು ಮುದುಕಿ’ ಅಂತ ಹಾಕ್ಸು. ಓದಿದೋರು ಯಾರೋ ಪಾಪ ಅಂತಾರೆ.”

“ಅಮ್ಮಾ, ನಾನೇನಾದ್ರೂ ಅಂದ್ನಾ?”

“ನೀನು ಅನ್ನಲ್ಲ ಕಣಪ್ಪಾ. ನೀನು ಒಳ್ಳೆಯವನು. ನಾನೇ ಬದುಕಿದೀನಿ ನೋಡು, ಅದು ತಪ್ಪು.”

ಆ ಒಂದು ಅಲ್ಲಿಗೆ ಮುಗಿಯಿತು. ಉಳಿದವಳು ಕಸ್ತೂರಿ. ಅವಳಿಗೂ ತಂಗಿಗೂ ವಾರದಿಂದ ಮಾತಿರಲಿಲ್ಲ. ಕಸ್ತೂರಿ ಹಟ ಹಿಡಿದು ತರಿಸಿಕೊಂಡ ನೇರಳೆ ಶಾಯಿಯ ಅರ್ಧ ಸೀಸೆಯನ್ನು ಚಿಕ್ಕವಳು ಬೆಕ್ಕಿಗೆ ಬೊಟ್ಟಿಡಲು ಖರ್ಚು ಮಾಡಿದ್ದಳು. ಜಡೆ ಹೆಣೆಯುವಾಗ ಮೆಲ್ಲಗೆ ಕೇಳಿದೆ.

“ಕಸ್ತೂರಿ, ನಾಳೆ ನಿನ್ನ ಒಂದನ್ನ ತಂಗಿಗೆ ಹಾಕ್ತೀಯಾ ಕಂದಾ?”

“ಚೀಟಿ ಗುಟ್ಟು ಅಮ್ಮಾ. ಹೇಳಬಾರ್ದು.”

“ನನಗೆ ಹೇಳ್ಬೇಡ. ಹಾಕು ಅಷ್ಟೆ.”

“ಆ ಶನಿಗೆ ಹೆಸರು ಬರದೇ ಇರೋದೇ ಒಳ್ಳೇದು. ನನಗೆ ಬೇರೆಯವರು ಇದಾರೆ, ಮೊದಲೇ ನಿಶ್ಚಯ ಮಾಡ್ಕೊಂಡಿದೀನಿ.”

“ಯಾರೇ?”

“ಗುಟ್ಟು ಅಂದ್ನಲ್ಲಾ!” ಜಡೆ ನನ್ನ ಕೈಯಿಂದ ಕಿತ್ತುಕೊಂಡು ಎದ್ದುಹೋದಳು. ಹದಿನೈದು ವರ್ಷದ ಹುಡುಗಿಗೆ ಮೊದಲ ಸಾಲಿನಲ್ಲಿ ಬರೆಯಲು ಯಾರಿರಬಹುದು ಎಂದು ಒಲೆ ಸಾರಿಸುತ್ತಾ ಯೋಚಿಸಿದೆ. ಯೋಚಿಸಿ ಇನ್ನೊಂದು ಸಲ ಸಾರಿಸಿದೆ.

ಎಣಿಕೆ ನಡೆಯುವುದು ಹಳೆಯ ಹತ್ತಿ ಗೋದಾಮಿನಲ್ಲಿ. ಗುರುವಾರ ಬೆಳಿಗ್ಗೆ ಹೋದಾಗ ಚಾಪೆಗಳ ಮೇಲೆ ನಲವತ್ತು ಐವತ್ತು ಹೆಂಗಸರು ಕೂತಿದ್ದರು. ಗಂಡಸರು ಮೂವರಿದ್ದರು. ಹಿಂದಿನ ವರ್ಷ ಜಗಳ ಬಿಡಿಸಲು ಹೋಗಿ ಎರಡೂ ಕಡೆಯವರಿಗೆ ಬೇಡವಾದವರು. ಉಳಿದವರಲ್ಲಿ ನನಗೆ ಗೊತ್ತಿಲ್ಲದ ಮುಖ ಒಂದೂ ಇರಲಿಲ್ಲ, ಗೊತ್ತಿದ್ದ ಹೆಸರೂ ಒಂದಿರಲಿಲ್ಲ. ಎಲ್ಲರೂ ಯಾರದೋ ತಾಯಂದಿರು. ಸಾಲುಸಾಲಾಗಿ ಬಿದಿರಿನ ಮೊರಗಳು, ಒಂದೊಂದರ ಅಂಚಿಗೂ ಒಂದೊಂದು ಹೆಸರಿನ ಪಟ್ಟಿ. ಚೀಟಿಯ ಮೊದಲ ಸಾಲು ಓದಬೇಕು, ಆ ಹೆಸರಿನ ಮೊರಕ್ಕೆ ಹಾಕಬೇಕು, ಒಳಗೆ ಏನಿದೆ ಎಂದು ಬೆಳಕಿಗೆ ಹಿಡಿದು ನೋಡಬಾರದು, ಕಂಡದ್ದನ್ನು ಹೊರಗೆ ಹೇಳಬಾರದು. ಅಷ್ಟಕ್ಕೂ ಕೈ ಮುಂದೆ ಚಾಚಿಸಿ ಆಣೆ ಮಾಡಿಸಿದರು ಎಣಿಕೆ ಅಧಿಕಾರಿ ಬೋರಲಿಂಗಯ್ಯನವರು. ಅವರಿಗೆ ಪ್ರತಿವರ್ಷ ಒಂದೇ ಒಂದು ಬೀಳುತ್ತದೆ. ಅದು ಯಾರದ್ದೆಂದು ಅವರಿಗೆ ಗೊತ್ತಿಲ್ಲ, ಅದಕ್ಕೇ ಊರಿನವರೆಲ್ಲರ ಹತ್ತಿರವೂ ಗೌರವದಿಂದ ನಡೆದುಕೊಳ್ಳುತ್ತಾರೆ.

ನನ್ನನ್ನು ‘ಅ’ದ ಸಾಲಿಗೆ ಕೂರಿಸಿದರು. ಪಕ್ಕದಲ್ಲಿ ಇಪ್ಪತ್ತಾರು ವರ್ಷದಿಂದ ಎಣಿಸುತ್ತಿರುವ ಮುದುಕಿ. ಆಕೆಯನ್ನು ಅಲ್ಲಿ ಎಲ್ಲರೂ ಮೊರದಜ್ಜಿ ಎನ್ನುತ್ತಿದ್ದರು.

“ಹೊಸಬರನ್ನ ಇಲ್ಲೇ ಕೂರಿಸೋದು. ಇಲ್ಲಿ ಕೆಲಸ ಸುಲಭ. ಅನಂತಯ್ಯಂದು ಮೂರು ಬರತ್ತೆ, ಅಂಬುಜಂದು ಎರಡು ಬರತ್ತೆ, ಮಿಕ್ಕಿದ್ದೆಲ್ಲಾ ಅಮ್ಮಂದು” ಎಂದಳು.

ಅಮ್ಮ ಎಂದರೆ ನಮ್ಮೂರಿನ ಮೊದಲಿಗಳು. ಅದು ಆಕೆಯ ಹೆಸರು. ಮೊದಲು ಹುಟ್ಟಿದ ಮೂರು ಉಳಿಯಲಿಲ್ಲವಾಗಿ ನಾಲ್ಕನೆಯದಕ್ಕೆ ತಂದೆತಾಯಿ ಅಷ್ಟೇ ಹೆಸರಿಟ್ಟರಂತೆ, ಅಮ್ಮ ಎಂದು. ಬಣ್ಣಗಾರರ ಓಣಿಯ ಕೊನೆಯಲ್ಲಿ ಒಂಟಿಯಾಗಿ ಕೂತು ಕೌದಿ ಹೊಲಿಯುತ್ತಾಳೆ. ಮಕ್ಕಳಿಲ್ಲ. ಬಾಯಿ ಬಹಳ ಖಾರ. ಕೌದಿಗೆ ಹಳೆಯ ಸೀರೆ ಕೊಟ್ಟರೆ, “ಇದನ್ನ ಉಟ್ಕೊಂಡು ಓಡಾಡ್ತಿದ್ಯಾ ಇಷ್ಟು ದಿನ?” ಎಂದು ಕೇಳುವ ಹೆಂಗಸು. ಆದರೂ ವರ್ಷವರ್ಷವೂ ಊರಿನಲ್ಲಿ ಅತಿ ಹೆಚ್ಚು ‘ಒಂದು’ ಬೀಳುವುದು ಆಕೆಗೇ. ಇನ್ನೂರು, ಇನ್ನೂರೈದು, ಇನ್ನೂರಹತ್ತು. ಎರಡನೆಯವರಿಗೆ ಹದಿನೇಳು. ಹಾಗಾಗಿ ಮದುವೆ ಮನೆಯಲ್ಲಿ ಮೊದಲ ಕುರ್ಚಿ ಆಕೆಗೆ, ಜಗಳದಲ್ಲಿ ಕೊನೆಯ ಮಾತು ಆಕೆಯದು. ಮೇಲೆ ಮೇಲೆ ಗಡುಸು, ಒಳಗೆ ಬೆಣ್ಣೆ ಇರಬೇಕು, ಇಲ್ಲದಿದ್ದರೆ ಇಷ್ಟು ಜನ ಮೆಚ್ಚುತ್ತಾರೆಯೇ ಎಂದು ಊರಿನವರು ತೀರ್ಮಾನಿಸಿದ್ದರು. ಆ ಬೆಣ್ಣೆಯನ್ನು ಕಂಡವರು ಯಾರೂ ಇರಲಿಲ್ಲ. ನಾನೂ ದಾರಿಯಲ್ಲಿ ಆಕೆ ಸಿಕ್ಕರೆ ಸೆರಗು ಸರಿಮಾಡಿಕೊಂಡು ನಿಲ್ಲುತ್ತಿದ್ದೆ.

ಬುಟ್ಟಿಯಿಂದ ಚೀಟಿ ತೆಗೆಯುತ್ತಾ ಹೋದೆ. ಅಮ್ಮ. ಅಮ್ಮ. ಅನಂತಯ್ಯ. ಅಮ್ಮ. ದಪ್ಪಕ್ಷರ, ಸಣ್ಣಕ್ಷರ, ಪೆನ್ಸಿಲು, ಇದ್ದಿಲು. ‘ಅ’ ತಿರುಗುಮುರುಗಾಗಿದ್ದ ಅಮ್ಮ. ಹೊತ್ತು ಹನ್ನೊಂದಾಗಿರಬಹುದು. ಒಂದು ಚೀಟಿ ಕೈಗೆ ಬಂತು. ನೇರಳೆ ಶಾಯಿ.

‘ಮ’ದ ಕೆಳಗಿನ ಒತ್ತಕ್ಷರವನ್ನು ಕೆಳಗೆ, ತೀರಾ ಕೆಳಗೆ ಇಳಿಸಿ, ಅದರ ಬಾಲವನ್ನು ಬಲಕ್ಕೆ ಎಳೆದು ಜಿಲೇಬಿ ಸುತ್ತಿದ ಹಾಗೆ ಸುತ್ತಿತ್ತು. ಮೂರನೇ ಕ್ಲಾಸಿನಿಂದ ಆ ಬಾಲಕ್ಕಾಗಿ ನಾನು ಕಸ್ತೂರಿಯನ್ನು ಬೈದಿದ್ದೇನೆ. ಅದೊಂದಕ್ಕೇ ಕಾಪಿ ಪುಸ್ತಕ ಮೂರು ತಂದುಕೊಟ್ಟಿದ್ದೇನೆ. ಊರಿಡೀ ಹುಡುಕಿದರೂ ಅಂಥ ಒತ್ತು ಇನ್ನೊಂದು ಸಿಗುವುದಿಲ್ಲ.

ಮೊದಲು ಬಂದ ಯೋಚನೆ ಬರೆಯಲು ನಾಚಿಕೆಯಾಗುತ್ತದೆ. ನನ್ನ ಮಗಳು ಆ ಕೌದಿಯ ಮುದುಕಿಗೆ ಯಾಕೆ ಹಾಕಿದಳು ಎಂದುಕೊಂಡೆ. ಆಕೆಯ ಮುಂದೆ ಇವಳು ಯಾವತ್ತು ನಿಂತಿದ್ದಾಳೆ? ಹೀಗೆ ಎರಡು ಉಸಿರು ಬಿಡುವಷ್ಟು ಹೊತ್ತು ನಿಜವಾಗಿ ಆಶ್ಚರ್ಯಪಟ್ಟೆ. ಆಮೇಲೆ ಆ ಎರಡಕ್ಷರವನ್ನು ಮಗಳ ದನಿಯಲ್ಲಿ ಓದಿಕೊಂಡೆ.

ಮೊರದಜ್ಜಿ ನನ್ನ ಕಡೆ ತಿರುಗಲೂ ಇಲ್ಲ. “ಸಿಕ್ತಾ?” ಎಂದಳು.

“ಅಜ್ಜೀ, ಇದು... ಇದು ಅವರಿಗೆ ಬರೆದಿದ್ದಲ್ಲ.”

“ಮೆಲ್ಲಗೆ. ಮೊದಲ ವರ್ಷ ಎಲ್ಲರಿಗೂ ಹೀಗೇ ಆಗತ್ತೆ. ನೀರು ಕುಡಿ.”

“ನಿಮಗೆಲ್ಲಾ ಗೊತ್ತಾ?”

“ಗೊತ್ತಿಲ್ಲದೆ ಏನು? ನೋಡು, ಇದು ನಂದು.” ಮೊರದ ಅಂಚಿನಲ್ಲಿ ಬೇರೆಯಾಗಿ ಇಟ್ಟುಕೊಂಡಿದ್ದ ಒಂದು ಚೀಟಿಯನ್ನು ಬೆರಳಿನಿಂದ ಸವರಿದಳು. “ನನ್ನ ಮಗಂಗೆ ಐವತ್ತೆರಡು. ಮೀಸೆ ಬೆಳ್ಳಗಾಗಿದೆ. ಮನೇಲಿ ನನ್ನ ಜೊತೆ ವರ್ಷಕ್ಕೆ ನಾಲ್ಕು ಮಾತಾಡಲ್ಲ, ಅದರಲ್ಲಿ ಮೂರು ಉಪ್ಪು ಕಡಿಮೆ ಅಂತ. ಆದ್ರೆ ನೋಡು, ವರ್ಷಾ ವರ್ಷಾ ಇಲ್ಲಿಗೆ ಬರತ್ತೆ.”

“ಮನೆ ನಂಬರು ಬರೆದಿದ್ರೆ ನಿಮಗೇ ಬೀಳ್ತಿತ್ತಲ್ಲಾ! ಹೆಸರಿಲ್ಲದವರಿಗೆ ಹಾಕೋದಾದ್ರೆ ಓಣಿ, ಮನೆ ಬರೀಬೇಕು ಅಂತ ಚೀಟಿ ಹಿಂದೇನೇ ಇದೆಯಲ್ಲ!”

“ಇದೆ. ಅಮ್ಮ ಅಂತ ಬರೆಯೋವಾಗ ಯಾರಾದ್ರೂ ಚೀಟಿ ತಿರುವಿ ಹಾಕಿ ಓದ್ತಾರಾ? ಅವನ ಮಟ್ಟಿಗೆ ಊರಲ್ಲಿ ಅಮ್ಮ ಅಂದ್ರೆ ಒಬ್ಬಳೇ.”

“ನೀವಾದ್ರೂ ಹೇಳಬಾರದಾ ಅವರಿಗೆ?”

ಅಜ್ಜಿ ಈಗ ತಿರುಗಿ ನೋಡಿದಳು. “ಹೇಳಿದ್ರೆ ಮುಂದಿನ ವರ್ಷ ನನಗೆ ಹೆಸರು ಬರತ್ತೆ. ಹೆಸರು ಬಂದ್ರೆ ನನ್ನನ್ನ ಈ ಬಾಗಿಲೊಳಗೆ ಬಿಡಲ್ಲ. ಆಮೇಲೆ ಇದನ್ನ ನೋಡೋದು ಹೇಗೆ, ಹೇಳು?”

ಸುತ್ತ ಕಣ್ಣಾಡಿಸಿದೆ. ಅಲ್ಲೊಬ್ಬಳು, ಇಲ್ಲೊಬ್ಬಳು ನೀರು ಕುಡಿಯುವ ನೆಪದಲ್ಲಿ ‘ಅ’ದ ಸಾಲಿಗೆ ಬರುತ್ತಿದ್ದರು. ಅಮ್ಮನ ಮೊರದ ಮೇಲೆ ಬಾಗಿ, ಅಕ್ಕಿಯಲ್ಲಿ ಕಲ್ಲು ಹುಡುಕುವವರ ಹಾಗೆ ಬೆರಳಾಡಿಸಿ, ಒಂದನ್ನು ಕಂಡು, ಒಂದು ಗಳಿಗೆ ನಿಂತು, ಹಾಗೇ ಬಿಟ್ಟು ಹೋಗುತ್ತಿದ್ದರು. ಬೋರಲಿಂಗಯ್ಯನವರು ಗೋಡೆಗೆ ಒರಗಿ, ಈ ಹೆಂಗಸರಿಗೆ ಎಷ್ಟು ಬಾಯಾರಿಕೆ ಎಂದು ಜವಾನನಿಗೆ ಹೇಳುತ್ತಿದ್ದರು.

ಕಸ್ತೂರಿಯ ಚೀಟಿಯನ್ನು ನಾನೂ ಮೊರಕ್ಕೆ ಹಾಕಬಹುದಿತ್ತು. ಹಾಕುವವಳೇ ಇದ್ದೆ. ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ‘ಕ’ದ ಸಾಲಿಗೆ ಹೋಗಿ ನೋಡಿದೆ. ಕಸ್ತೂರಿಯ ಮೊರದಲ್ಲಿ ಒಂದೇ ಚೀಟಿಯಿತ್ತು. ಅಕ್ಷರ ಕೋಳಿ ಕೆದರಿದ ಹಾಗಿತ್ತು, ಮೂಲೆಯಲ್ಲಿ ಬೆಕ್ಕಿನ ಹೆಜ್ಜೆಯ ಗುರುತೊಂದು ನೇರಳೆ ಬಣ್ಣದಲ್ಲಿ. ಚಿಕ್ಕವಳು ಅಕ್ಕನಿಗೆ ಹಾಕಿದ್ದಳು. ದೊಡ್ಡವಳ ಹೆಸರು ಉಳಿಯಿತು, ಅದೂ ವಾರದಿಂದ ಮಾತು ಬಿಟ್ಟವಳಿಂದ. ಆದರೆ ಹೆಸರಿಲ್ಲದವರ ಸಾಲಿನಲ್ಲಿ ಬಾವಿ ಓಣಿ ಮೂರನೇ ಮನೆಯ ಮಗಳು ಎಂಬ ಪಟ್ಟಿಯ ಮೊರ ಖಾಲಿ ಇತ್ತು. ಬುಟ್ಟಿಗಳು ಬರಿದಾಗುತ್ತಾ ಬಂದಿದ್ದವು. ಸಂಜೆಯೊಳಗೆ ಅದಕ್ಕೆ ಒಂದು ಬೀಳದಿದ್ದರೆ ಆ ಹೆಸರು ನಾಳೆ ಚೆನ್ನಾಜಮ್ಮನ ಮನೆಯ ತೊಟ್ಟಿಲಿಗೆ. ಆ ಹಿತ್ತಲಿನಿಂದ ಅವಳು ಅದನ್ನು ಎಳೆದು ಕೂಗುತ್ತಾಳೆ, ನಮ್ಮನೆವರೆಗೂ ಕೇಳುತ್ತದೆ, ನನಗೆ ಅದು ಯಾರ ಹೆಸರೆಂದೂ ತಿಳಿಯುವುದಿಲ್ಲ.

“ಅಜ್ಜೀ, ಸಂದೇಹ ಎತ್ತಬಹುದು ಅಂತ ಆಣೆ ಮಾಡಿಸೋವಾಗ ಹೇಳಿದ್ರಲ್ಲ” ಎಂದೆ.

“ಒಬ್ಬರಿಗೆ ಒಂದು ಸಲ. ಮೊದಲ ಸಾಲು ಸರಿಯಿಲ್ಲ ಅಂತ ಸಾಹೇಬರು ಒಪ್ಪಿದ್ರೆ ಅದನ್ನ ಹೊಡೆದುಹಾಕಿ ಎರಡನೇದನ್ನ ತೆಗೀತಾರೆ. ನಾನು ಯಾವತ್ತೂ ಎತ್ತಿಲ್ಲ.” ನನ್ನ ಕೈಯಲ್ಲಿದ್ದ ಚೀಟಿ ನೋಡಿದ ಮೇಲೆ ಆಕೆಗೆ ಅರ್ಥವಾಯಿತು. “ಹೊಡೆದುಹಾಕಿದ್ಮೇಲೆ ನಿನಗೆ ಇದು ಇಲ್ಲ. ಎರಡನೇ ಸಾಲಲ್ಲಿ ಯಾರಿದಾರೋ ಏನೋ. ಯಾವುದಾದ್ರೂ ಹುಡುಗ ಇರಬಹುದು, ಮೇಷ್ಟ್ರು ಇರಬಹುದು. ಸುಮ್ನೆ ಕಳಕೊಳ್ತೀಯ.”

‘ಆ ಶನಿಗೆ ಹೆಸರು ಬರದೇ ಇರೋದೇ ಒಳ್ಳೇದು’ ಎಂದಿದ್ದಳಲ್ಲ ಕಸ್ತೂರಿ, ಅದು ಕಿವಿಯಲ್ಲಿತ್ತು. ಹನ್ನೆರಡು ವರ್ಷದ ಮೇಲೆ ನನಗೆ ಬಿದ್ದ ಒಂದು. ಅಥವಾ ಹಿಂದೆಯೂ ವರ್ಷವರ್ಷ ಬೀಳುತ್ತಿತ್ತೋ ಏನೋ, ನಾನು ಕಂಡದ್ದು ಇದೊಂದೇ. ಇನ್ನೊಂದು ಸಲ ಆ ಒತ್ತಕ್ಷರದ ಬಾಲವನ್ನು ಪೂರ್ತಿ ನೋಡಿದೆ. ಕೈ ಎತ್ತಿದೆ.

ಬೋರಲಿಂಗಯ್ಯನವರು ಕನ್ನಡಕ ಹುಡುಕುತ್ತಾ ಬಂದರು. ಬಹಳ ವರ್ಷಗಳಿಂದ ಯಾರೂ ಕೈ ಎತ್ತಿರಲಿಲ್ಲವಂತೆ.

“ಏನಮ್ಮಾ ಸಂದೇಹ?”

“ಈ ಚೀಟಿಯಲ್ಲಿರೋ ಅಮ್ಮ ಆ ಅಮ್ಮ ಅಲ್ಲ, ಸ್ವಾಮಿ.”

“ಮತ್ತೆ ಯಾವ ಅಮ್ಮ?”

“ನಾನು.”

ಅವರು ಚೀಟಿ ನೋಡಿದರು, ನನ್ನನ್ನು ನೋಡಿದರು, ಮತ್ತೆ ಚೀಟಿ ನೋಡಿದರು. “ನೀನು ಅಂತ ಇದರಲ್ಲಿ ಎಲ್ಲಿದೆ? ಓಣಿ ಇಲ್ಲ, ಮನೆ ಇಲ್ಲ.”

“ಅದಕ್ಕೇ ರದ್ದು ಮಾಡಿ ಅಂತಿದೀನಿ.”

“ಹಾಗಾದ್ರೆ ಇದು ನಿನಗೂ ಬೀಳಲ್ಲ, ಗೊತ್ತಾ?”

“ಗೊತ್ತು.”

“ತನಗೆ ಬಿದ್ದಿದ್ದನ್ನ ತಾನೇ ಬೀಳಿಸೋದಾ!” ಎಂದು ಜವಾನನ ಕಡೆ ನೋಡಿದರು. ಜವಾನ ಸೂರು ನೋಡಿದ. ನಿಯಮದ ಪುಸ್ತಕ ತರಿಸಿ, ಎಂಜಲು ಹಚ್ಚಿ ಹಾಳೆ ತಿರುವಿ, ಕೊನೆಗೆ ಬೋರಲಿಂಗಯ್ಯನವರು ಮೊದಲ ಸಾಲಿನ ಮೇಲೆ ಕೆಂಪು ಗೆರೆ ಎಳೆದರು. ಗೆರೆ ಒತ್ತಕ್ಷರದ ಬಾಲವನ್ನು ದಾಟಿ ಹೋಯಿತು. ಬೆರಳು ನೀರಿಗದ್ದಿ ಗಂಜಿ ಬಿಡಿಸತೊಡಗಿದರು. ನಾನು ಅವರ ಉಗುರನ್ನೇ ನೋಡುತ್ತಿದ್ದೆ. ಬಿಡಿಸಿ, ದೂರ ಹಿಡಿದು, ಗಟ್ಟಿಯಾಗಿ ಓದಿದರು:

“ಎರಡು. ನನ್ನ ತಂಗಿ, ಆವರಣದಲ್ಲಿ ಶನಿ, ಬಾವಿ ಓಣಿ, ಮೂರನೇ ಮನೆ, ಬಾಗಿಲಿಗೆ ಹಸಿರು ಬಣ್ಣ, ಅಂಗಳದಲ್ಲಿ ಕರಿಬೇವು.” ಕನ್ನಡಕ ಸರಿಮಾಡಿಕೊಂಡರು. “ಶನಿ ಅನ್ನೋದು ಹೆಸರೋ?”

“ಅಲ್ಲ ಸ್ವಾಮಿ, ಅದು ಪ್ರೀತಿ” ಎಂದಳು ಮೊರದಜ್ಜಿ.

ತಂಗಿಗೆ ಇಷ್ಟು ವಿಳಾಸ ಬರೆದವಳು ನನಗೆ ಎರಡಕ್ಷರ ಬರೆದಿದ್ದಳು. ತಂಗಿಯ ವಿಷಯದಲ್ಲಿ ಎಲ್ಲಿ ತಪ್ಪಿಹೋಗುತ್ತದೋ ಎಂಬ ಭಯವಿತ್ತು. ನನ್ನ ವಿಷಯದಲ್ಲಿ ಆ ಭಯವೇ ಇರಲಿಲ್ಲ. ಬೋರಲಿಂಗಯ್ಯನವರು ಚೀಟಿಯನ್ನು ಆ ಖಾಲಿ ಮೊರಕ್ಕೆ ಹಾಕಿದರು. “ಸರಿ, ಪಟ್ಟಿ ಬದಲಾಯಿಸಬೇಕು. ಏನಂತ ಬರೀಲಿ?” ಎಂದು ಗುಮಾಸ್ತ ಲೇಖನಿ ಹಿಡಿದು ಕೇಳಿದ.

ನಾನು ಯೋಚಿಸಲೇ ಇಲ್ಲ. “ವೈಜಯಂತಿ” ಎಂದೆ. ಹೇಳಿದ ಮೇಲೆ ನನಗೇ ಕೇಳಿಸಿತು. ಇನ್ನೊಂದು ಸಲ ಹೇಳಿದೆ. ಗುಮಾಸ್ತ, “ಒಂದು ಸಲ ಸಾಕಮ್ಮಾ” ಎಂದ.

ಸಂಜೆ ಗೋದಾಮಿನ ಮುಂದೆ ಫಲಿತಾಂಶ ಓದಿದರು. ಎಂದಿನಂತೆ ಅಮ್ಮ ಮೊದಲಿಗಳು, ಇನ್ನೂರ ಹನ್ನೊಂದು. ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ ಹೊಸ ಸೀರೆ ಹೊದಿಸಿದರು. ಸೀರೆಯ ಅಂಚನ್ನು ಉಗುರಿನಿಂದ ಕೆರೆದು ನೋಡಿ, “ಬಣ್ಣ ಬಿಡತ್ತೆ ಇದು” ಎಂದಳು. ಎಲ್ಲರೂ ಭಕ್ತಿಯಿಂದ ನಕ್ಕರು. ನಾನು ಸೆರಗು ಸರಿಮಾಡಿಕೊಂಡು ಪಕ್ಕದಿಂದ ಹಾದುಹೋಗುವಾಗ ಆಕೆ ನನ್ನ ಮಣಿಕಟ್ಟು ಹಿಡಿದಳು.

“ನೀನು ಒಳಗಿದ್ಯಲ್ಲ? ಹೋದ ವರ್ಷ ಇನ್ನೂರ ಹನ್ನೆರಡಿತ್ತು. ಈ ಸಲ ಒಂದು ಕಡಿಮೆ.”

“ಹೌದೇನೋ ಅಮ್ಮಾ, ನಾನು ನೋಡಲಿಲ್ಲ.”

“ಯಾರಿಗೋ ನಾನು ಬೇಡವಾದೆ.” ಆ ಗಡುಸು ಮುಖ ನೋಡಲಾಗುತ್ತಿರಲಿಲ್ಲ. “ಯಾರ ಸೀರೆಗೆ ಏನಂದ್ನೋ. ನನಗೆ ನಾಲಿಗೆ ನೆಟ್ಟಗಿಲ್ಲ. ಆದ್ರೂ ನೋಡು, ಮಕ್ಕಳಿಲ್ಲದವಳಿಗೆ ಇಷ್ಟು ಜನ ಹಾಕ್ತಾರಲ್ಲ ಅಂತ ಪ್ರತಿ ವರ್ಷ ಲೆಕ್ಕ ಇಟ್ಕೊಳ್ತೀನಿ.”

ಹೊರಗೆ ಹೇಳಬಾರದು ಎಂದು ಬೆಳಿಗ್ಗೆಯಷ್ಟೇ ಆಣೆ ಮಾಡಿದ್ದೆ. ಆದರೂ ಅರ್ಧ ಹೇಳಿದೆ. “ಬೇಡವಾಗಿಲ್ಲ ಅಮ್ಮಾ. ಅದು ನನ್ನ ಮಗಳದ್ದು. ಮೊದಲ ಸಾಲಲ್ಲಿ ಅಮ್ಮನ್ನೇ ಬರೆದಿದ್ಲು. ಕಚೇರಿಯವರು ಅಕ್ಷರ ಸರಿ ಇಲ್ಲ ಅಂತ ಹೊಡೆದುಹಾಕಿದ್ರು.”

“ಹಾಗಾ?” ಮಣಿಕಟ್ಟು ಬಿಟ್ಟಳು. ಮುಖದಲ್ಲಿ ಎಂದಿನ ಕಳೆ ಬಂತು. “ಹುಡುಗೀಗೆ ಅಕ್ಷರ ಕಲಿಸಕ್ಕೇನು ಕಷ್ಟ ನಿನಗೆ? ತಾಯಿ ಅನ್ನಿಸಿಕೊಂಡಮೇಲೆ!”

ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಹಿತ್ತಲಿಗೆ ಹೋದೆ. “ವೈಜಯಂತೀ...” ಎಂದು ಓಣಿಯ ಕೊನೆಯವರೆಗೂ ಕೇಳುವಂತೆ ಕೂಗಿದೆ. ಚೆನ್ನಾಜಮ್ಮನ ಮನೆಯ ಕಿಟಕಿ ಮುಚ್ಚಿಕೊಂಡಿತು. ಗೋಡೆಯಾಚೆಯಿಂದ ಬೆಕ್ಕನ್ನು ಎತ್ತಿಕೊಂಡು ಹುಡುಗಿ ತಲೆ ತೂರಿಸಿದಳು. ಮುಖ ಅರಳಿತು, ಮರುಕ್ಷಣ ಸಪ್ಪಗಾಯಿತು. “ಅಯ್ಯೋ, ಬಂದ್ಬಿಡ್ತಾ? ನಾಳೆಯಿಂದ ಮಾನಿಟರು ಬರೀತಾನೆ.” ಆದರೆ ಒಳಗೆ ಹೋಗಿ ಮೊದಲು ತನ್ನ ಲೋಟವನ್ನು ದೀಪದ ಹತ್ತಿರ ಹಿಡಿದು ನೋಡಿದಳು.

ಕಸ್ತೂರಿ ಜಗಲಿಯ ಮೇಲೆ ಕಾಪಿ ಪುಸ್ತಕ ಹಿಡಿದು ಕೂತಿದ್ದಳು. ತಂಗಿಯ ಹೆಸರು ಕೂಗಿದ್ದು ಕೇಳಿಸಿತ್ತು, ಅದಕ್ಕೆ ಮೂಗು ಮುರಿದಳು. ಆಮೇಲೆ ಎಷ್ಟೋ ಹೊತ್ತು ನನ್ನ ಮುಖವನ್ನೇ ನೋಡಿದಳು, ತುಟಿ ಅಲ್ಲಾಡಿಸಿ ಏನನ್ನೋ ಬಾಯಿಗೆ ತಂದುಕೊಳ್ಳಲು ನೋಡಿದಳು.

“ಅಮ್ಮಾ, ನಿನಗೆ ಹೆಸರು ಬರಲಿಲ್ವಾ?”

“ಇಲ್ಲ ಕಣೇ.”

“ಅದು ಹೇಗೆ? ಬರಬೇಕಿತ್ತು!” ಎಂದವಳು ನಾಲಿಗೆ ಕಚ್ಚಿಕೊಂಡಳು. ಚೀಟಿ ಗುಟ್ಟು. “ಯಾರೋ ಸರಿಯಾಗಿ ಎಣಿಸಿಲ್ಲ.”

“ಎಣಿಸಿದವಳು ನಾನೇ.”

“ಹಾಗಾದ್ರೆ ನಿನಗೆ ಎಣಿಸಕ್ಕೇ ಬರಲ್ಲ, ಬಿಡು.” ಕಣ್ಣು ತುಂಬಿಕೊಂಡು ಪುಸ್ತಕದ ಮೇಲೆ ಬಾಗಿದಳು. ಸಿಟ್ಟಿನಲ್ಲಿ ಲೇಖನಿ ಒತ್ತಿ ಒತ್ತಿ ಬರೆಯುತ್ತಿದ್ದಳು. ಇವತ್ತಿನ ಪಾಠ ಒತ್ತಕ್ಷರದ್ದೇ. ಎಂದೂ ಇಲ್ಲದವಳು ಇವತ್ತು ಬಾಲವನ್ನು ಮೊಟಕು ಮಾಡಿ, ಮೇಲ್ಪಂಕ್ತಿಯಲ್ಲಿ ಅಚ್ಚು ಹಾಕಿದ್ದ ಹಾಗೇ ನೆಟ್ಟಗೆ ಬರೆಯಲು ನೋಡುತ್ತಿದ್ದಳು.

ಮುಂದಿನ ಸಲ ಓಣಿಯ ಹೆಸರೂ ಬರಿ, ಮನೆಯ ನಂಬರೂ ಬರಿ ಎಂದು ಹೇಳಲು ಬಾಯಿ ತೆರೆದೆ. ಹೇಳಿದ್ದರೆ ಬರುವ ವರ್ಷ ನನಗೂ ಒಂದು ಹೆಸರು, ಕಚೇರಿಯಲ್ಲಿ ಉಳಿದದ್ದು ಯಾವುದೋ. ಗೋದಾಮಿನೊಳಗೆ ಮಾತ್ರ ಜಾಗವಿಲ್ಲ. ಪಕ್ಕದಲ್ಲಿ ಕೂತು, ಅವಳ ಕೈಯಿಂದ ಲೇಖನಿಯನ್ನು ಮೆಲ್ಲಗೆ ತೆಗೆದುಕೊಂಡೆ.

“ಅದನ್ನ ತಿದ್ದಬೇಡ ಕಂದಾ. ಆ ಬಾಲ ಮೊದಲಿನ ಹಾಗೇ ಇರಲಿ” ಎಂದೆ.